ಕ್ಷೌರ ಮಾಡಿಸಿಕೊಂಡ ಗಿಡ

ಊರಿನ ಸುದ್ದಿಯೆಲ್ಲ ಹುಟ್ಟುವುದು ಕ್ಷೌರದಂಗಡಿಯಲ್ಲಿ ಎನ್ನುತ್ತಾರೆ. ಹಾಗೆನ್ನುವವರು ಹೂಂಗುಟ್ಟಪ್ಪನ ಅಂಗಡಿಗೆ ಕಾಲಿಟ್ಟಿಲ್ಲ. ಮೂವತ್ತೆರಡು ವರ್ಷದಿಂದ ಅದೇ ತಿರುಗುಕುರ್ಚಿಯ ಹಿಂದೆ ನಿಂತಿರುವ ಈ ಮನುಷ್ಯ, ಗಿರಾಕಿಗಳು ಏನು ಹೇಳಿದರೂ "ಹೂಂ" ಎನ್ನುತ್ತಾನೆ. ಮಗಳ ಸಂಬಂಧ ಕೂಡಿಬಂತು ಎಂದರೂ ಹೂಂ, ಮುರಿದುಬಿತ್ತು ಎಂದರೂ ಹೂಂ. ಹೆತ್ತವರಿಟ್ಟ ಹೆಸರು ಬಾಗಿಲ ಮೇಲಿನ ಹಲಗೆಯಲ್ಲಿ ಮಾಸಿಹೋಗಿದೆ, ಬೀದಿಯವರ ಬಾಯಲ್ಲಿ ಉಳಿದದ್ದು ಈ ಅಡ್ಡಹೆಸರೊಂದೇ. ಕೈ ಮಾತ್ರ ಪಳಗಿದ್ದು. ಅಜ್ಜ, ಮಗ, ಮೊಮ್ಮಗ ಎಂದು ಮೂರು ತಲೆಮಾರು ಅವನ ಮುಂದೆ ತಲೆ ಬಗ್ಗಿಸಿದ ಮನೆಗಳು ಆ ಬೀದಿಯಲ್ಲಿ ಎಷ್ಟೋ ಇವೆ.

ಅಂಗಡಿಯ ಮೇಲಿನ ಮನೆಯಲ್ಲಿ ಅವನೂ ಅವನ ಅಕ್ಕನೂ ಇರುವುದು. ಅಕ್ಕ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದ ಟೀಚರು. ತಾಯಿ ಹೋದಾಗ ತಮ್ಮನಿಗೆ ನಾಲ್ಕು ವರ್ಷ, ಅವಳಿಗೆ ಹದಿನಾರು. ಅಂದಿನಿಂದ ಅವನನ್ನು ಎತ್ತಿ ಆಡಿಸಿ, ಗದರಿಸಿ, ಓದು ಹತ್ತದಾಗ ಕೈಗೆ ಕತ್ತರಿ ಕೊಡಿಸಿ ದಡ ಹತ್ತಿಸಿದವಳು ಅವಳೇ. ಕೋಪ ಮೂಗಿನ ತುದಿಯಲ್ಲಿ, ಪ್ರೀತಿ ಎಲ್ಲೋ ಹೊಟ್ಟೆಯ ಒಳಗೆ. ಆ ಪ್ರೀತಿ ಕಣ್ಣಿಗೆ ಕಾಣುವಂತೆ ಹೊರಗೆ ಬರುತ್ತಿದ್ದದ್ದು ಪೂರ್ವದ ಕಿಟಕಿಯಲ್ಲಿದ್ದ ಆಫ್ರಿಕನ್ ವಯಲೆಟ್ ಗಿಡದ ಮುಂದೆ ಮಾತ್ರ.

ಅಂಗೈಯಗಲದ ಕುಂಡ. ಮೈತುಂಬ ನವಿರು ಕೂದಲಿರುವ ದುಂಡನೆಯ ಎಲೆಗಳು, ನಡುವೆ ಬಿಳಿ ಅಂಚಿನ ನೇರಳೆ ಹೂಗೊಂಚಲು. ಹನ್ನೊಂದು ವರ್ಷದ ಗಿಡ. ತಳದ ಎಲೆ ಹಳತಾದಂತೆಲ್ಲ ಅಕ್ಕ ಒಂದೊಂದಾಗಿ ಕಿತ್ತು ಕಿತ್ತು, ಎಲೆಯ ಕೆಳಗೆ ಮೂರು ಬೆರಳಗಲದಷ್ಟು ಎತ್ತರದ ಬೋಳು ಕಾಂಡ ಕುತ್ತಿಗೆಯಂತೆ ಎದ್ದಿತ್ತು. ತಮ್ಮ ಅದರ ಹತ್ತಿರ ಸುಳಿದರೆ ಸಾಕು, "ನಿನ್ನ ಕೈಗೆ ಕತ್ತರಿಸೋ ಚಟ. ದೂರ ನಿಂತು ನೋಡು" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ನಾಲ್ಕು ಜನ ಎತ್ತಿಕೊಂಡು ಹೋಗುವಾಗ ನೋವಿನಲ್ಲಿ ಹೇಳಿದ್ದು ಎರಡೇ ಮಾತು: "ಗಿಡ ನೋಡ್ಕೋ." ಹೇಗೆ ನೋಡಿಕೊಳ್ಳಬೇಕು ಎಂದು ಹೇಳಲಿಲ್ಲ, ಇವನೂ ಕೇಳಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಡಾಕ್ಟರು ತಮ್ಮನನ್ನು ಪಕ್ಕಕ್ಕೆ ಕರೆದು, "ಎರಡು ತಿಂಗಳಲ್ಲಿ ಮೆಟ್ಟಿಲು ಹತ್ತೋ ಹಾಗಾದ್ರೆ ಮನೆಗೆ ಕರ್ಕೊಂಡು ಹೋಗಿ. ಆಗದಿದ್ರೆ ಹದಿನೆಂಟು ಮೆಟ್ಟಿಲಿನ ಮನೆ ಅವರಿಗೆ ಆಗಿಬರಲ್ಲ, ವೃದ್ಧಾಶ್ರಮ ನೋಡ್ಬೇಕು" ಎಂದರು. ನಲವತ್ತು ಹುಡುಗಿಯರ ತರಗತಿಯನ್ನು ಕಣ್ಣಲ್ಲೇ ಆಳಿದ ಅಕ್ಕ, ಮೊದಲ ದಿನ ಎಬ್ಬಿಸಿ ನಿಲ್ಲಿಸಿದಾಗ ಕಣ್ಣು ಕತ್ತಲಿಟ್ಟು ಕುಸಿದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ನಡೆಸಲು ಬರುವ ನರ್ಸಮ್ಮನಿಗೆ ದಿನವೂ ಒಂದೇ ಉತ್ತರ: "ನಾಳೆ ನೋಡೋಣ."

ಇತ್ತ ಮನೆಯಲ್ಲಿ ತಮ್ಮ ಗಿಡವನ್ನು ನೋಡಿದ. ಸುತ್ತಿನ ಎಲೆಗಳು ಕುಂಡದ ಅಂಚು ದಾಟಿ ಜೋಲುಬಿದ್ದಿದ್ದವು. ಬೇರೆಯವರ ಕಣ್ಣಿಗೆ ಅದು ಗಿಡ, ಇವನ ಕಣ್ಣಿಗೆ ಕಿವಿ ಮುಚ್ಚುವಷ್ಟು ಬೆಳೆದ ತಲೆಗೂದಲು. ಕೆಳಗಿಳಿದು ಅಂಗಡಿಯಿಂದ ಕತ್ತರಿ, ನೀರು ಚಿಮುಕಿಸುವ ಬಾಟಲಿ, ಕುತ್ತಿಗೆಯ ಕೂದಲು ಕೊಡವುವ ಬ್ರಷ್ಷು ತಂದ. ಕತ್ತರಿಸುವ ಮೊದಲು ಚೆನ್ನಾಗಿ ನೆನೆಸಬೇಕೆಂಬುದು ಅವನ ಕಸುಬಿನ ಮೊದಲ ಪಾಠ. ನೆತ್ತಿಯಿಂದ ತೊಟ್ಟಿಕ್ಕುವ ತನಕ ನೀರು ಹೊಡೆದ. ಸುತ್ತ ನಾಜೂಕಾಗಿ ಕತ್ತರಿಯಾಡಿಸಿ, ಜೋತ ಎಲೆಗಳನ್ನೆಲ್ಲ ತೊಟ್ಟಿನ ಕಡ್ಡಿಯ ಅರ್ಧಕ್ಕೆ ಕತ್ತರಿಸಿ ಉದುರಿಸಿ, ಬ್ರಷ್ಷಿನಿಂದ ಮೈ ಕೊಡವಿದ. ಹಿಂದಿನಿಂದ ಕನ್ನಡಿ ಹಿಡಿಯುವುದೊಂದು ಬಾಕಿ. ಅಷ್ಟಕ್ಕೇ ಬಿಡದೆ ಬೆಳಿಗ್ಗೆ ಸಂಜೆ ತಪ್ಪದೆ ತಲೆಯ ಮೇಲೆ ನೀರು ಹೊಡೆಯತೊಡಗಿದ.

ಅಯ್ಯೋ ಪುಣ್ಯಾತ್ಮ. ಆ ಗಿಡಕ್ಕೆ ಅತ್ತ ನೆತ್ತಿಯ ಮೇಲೆ ನೀರೂ ಆಗದು, ಇತ್ತ ಅರ್ಧಕ್ಕೆ ಕತ್ತರಿಯೂ ಆಗದು. ನೀರನ್ನು ಕುಂಡದ ಕೆಳಗಿನ ತಟ್ಟೆಗೆ ಹಾಕಬೇಕು, ಬೇರು ತನಗೆ ಬೇಕಾದಷ್ಟು ಹೀರಿಕೊಳ್ಳುತ್ತದೆ. ಹಳೆಯ ಎಲೆಯನ್ನು ಬುಡಕ್ಕೆ ಹಿಡಿದು ಪಕ್ಕಕ್ಕೆ ಬಗ್ಗಿಸಿ ಚಟಕ್ಕನೆ ಮುರಿಯಬೇಕು. ಕಡ್ಡಿ ಉಳಿದರೆ ಅದು ಕೊಳೆಯುತ್ತದೆ, ಕೊಳೆ ಕುತ್ತಿಗೆಗೆ ಇಳಿಯುತ್ತದೆ. ಹತ್ತು ದಿನದಲ್ಲಿ ಹಾಗೆಯೇ ಆಯಿತು. ಎಲೆಗಳ ಮೇಲೆ ಕಂದು ಮಚ್ಚೆ ಎದ್ದವು, ಉಳಿದ ಕಡ್ಡಿಗಳು ಲೋಳೆಯಾದವು, ಕುತ್ತಿಗೆ ಒತ್ತಿದರೆ ಮೆತ್ತಗೆ ಒಳಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅಕ್ಕ ಆಸ್ಪತ್ರೆಯಲ್ಲಿ ಬೇರೆ ಏನನ್ನೂ ಕೇಳುತ್ತಿರಲಿಲ್ಲ. ಗೋಡೆ ನೋಡಿಕೊಂಡೇ ಕೇಳುತ್ತಿದ್ದಳು.

"ಗಿಡ ಚೆನ್ನಾಗಿದ್ಯಾ?"

"ಹೂಂ."

"ಮೊಗ್ಗು ಬಂತಾ?"

"ಹೂಂ."

ಜೀವಮಾನವಿಡೀ ಯಾರಿಗೂ ನೋವು ಮಾಡದ ಆ ಒಂದಕ್ಷರ ಈಗ ಹಸಿ ಸುಳ್ಳಾಗಿತ್ತು. ಮನೆಗೆ ಬಂದರೆ ಊಟ ಸೇರದು. ಕೊನೆಗೆ ಗಿರಾಕಿಯೊಬ್ಬ, ನರ್ಸರಿ ಇಟ್ಟುಕೊಂಡವನು, ಗಿಡ ನೋಡಿ ತಲೆಯಾಡಿಸಿ ಅದೇ ಬಣ್ಣದ ಹೊಸ ಗಿಡವೊಂದನ್ನು ತಂದುಕೊಟ್ಟ. "ಇದನ್ನ ಅಲ್ಲಿಡು, ಅಕ್ಕನಿಗೆ ಎಲ್ಲಿ ಗೊತ್ತಾಗುತ್ತೆ" ಎಂದ. ಹೂಂಗುಟ್ಟಪ್ಪ ಎರಡನ್ನೂ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದ. ಹೊಸದಕ್ಕೆ ಕುತ್ತಿಗೆಯೇ ಇರಲಿಲ್ಲ. ಅಕ್ಕನ ಗಿಡದ ಕುತ್ತಿಗೆಯಲ್ಲಿ ಅವಳು ಕಿತ್ತ ಒಂದೊಂದು ಎಲೆಯ ಗಾಯವೂ ಸಣ್ಣ ಗುರುತಾಗಿ ಉಳಿದಿತ್ತು. ಹೊಸ ಗಿಡವನ್ನು ಮರುದಿನವೇ ಹಿಂದಿರುಗಿಸಿದ.

ಅಂದು ಆಸ್ಪತ್ರೆಯಲ್ಲಿ ಸ್ಟೂಲಿನ ತುದಿಯಲ್ಲಿ ಕೂತು ಅವನು ತನ್ನ ಬಾಳಿನ ಅತಿ ಉದ್ದದ ಭಾಷಣ ಮಾಡಿದ. "ಅಕ್ಕ, ನಿನ್ನ ಗಿಡಕ್ಕೆ ನಾನು ಕಟಿಂಗ್ ಮಾಡ್ದೆ. ಕುತ್ತಿಗೆ ಕೊಳೀತಾ ಇದೆ. ಇಷ್ಟು ದಿನ ನಿಂಗೆ ಸುಳ್ಳು ಹೇಳ್ದೆ." ಅವಳನ್ನು ಮನೆಗೆ ಕಟ್ಟಿದ್ದ ಕೊನೆಯ ಎಳೆಯನ್ನೂ ತಾನೇ ಕಡಿದೆನಲ್ಲ ಎಂದು ಅವನಿಗೆ ಭಯವಾಯಿತು.

ಅಕ್ಕ ನಿಧಾನವಾಗಿ ಗೋಡೆಯಿಂದ ಇತ್ತ ತಿರುಗಿದಳು.

"ನೀರು ಹೊಡೆದ್ಯಾ?"

"ಹೂಂ."

"ನೆತ್ತಿ ಮೇಲೆ?"

"ಹೂಂ."

"ಮೂವತ್ತು ವರ್ಷ ಊರಿನ ತಲೆ ಎಲ್ಲ ನೋಡ್ದೆ, ನಿಂಗೇ ಒಂದು ತಲೆ ಇಲ್ವಲ್ಲೋ." ಅವಳ ಮುಖಕ್ಕೆ ಎಷ್ಟೋ ದಿನದ ಮೇಲೆ ರಕ್ತ ಬಂದಿತ್ತು. "ನಡುವಿನ ಪುಟಾಣಿ ಎಲೆ ಹೇಗಿದೆ?"

"ಹಸುರಾಗಿದೆ."

"ಹಾಗಾದ್ರೆ ಇನ್ನೂ ಜೀವ ಇದೆ. ನಾಳೆ ತಗೊಂಬಾ, ಹೊಸ ಮಣ್ಣು, ಬ್ಲೇಡು, ಒಂದು ಡಬ್ಬಿ ಕೂಡ. ನಿನ್ನ ನಂಬಿ ನಾನು ಕೆಟ್ಟೆ."

ನರ್ಸಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ವಾರ್ಡಿನೊಳಗೆ ಮಣ್ಣಿನ ಕುಂಡ ತರುವಂತಿಲ್ಲ, ಬೇಕಾದರೆ ಹೊರಗಿನ ಅಂಗಳದ ಬೆಂಚಿನ ಹತ್ತಿರ ನೋಡಬಹುದು ಎಂದಳು. ಗಾಲಿಕುರ್ಚಿ ಕೇಳಿದ್ದಕ್ಕೆ "ಒಂದೂ ಖಾಲಿ ಇಲ್ಲ ಟೀಚರೇ" ಎಂದಳು. ಮೂಲೆಯಲ್ಲಿ ಮೂರು ಗಾಲಿಕುರ್ಚಿಗಳು ನಿಂತಿದ್ದವು. ಅದನ್ನು ಅಕ್ಕನೂ ನೋಡಿರಬೇಕು, ಆದರೂ ವಾಕರ್ ತರಲು ಹೇಳಿದಳು.

ಮರುದಿನ ವಾಕರ್ ಹಿಡಿದು, ಒಂದೊಂದು ಹೆಜ್ಜೆಗೂ ತಮ್ಮನಿಗೆ ಒಂದೊಂದು ಬೈಗುಳ ಕೊಟ್ಟುಕೊಂಡು, ಉದ್ದದ ಪಡಸಾಲೆ ದಾಟಿ ಅಕ್ಕ ಬೆಂಚಿಗೆ ಬಂದಳು. ಬೆವರಿನಿಂದ ರವಿಕೆ ಒದ್ದೆಯಾಗಿತ್ತು. ಉಸಿರು ಹದಕ್ಕೆ ಬಂದ ಮೇಲೆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡಳು. ಮಚ್ಚೆ ಬಿದ್ದ ಎಲೆಗಳನ್ನೂ ಕೊಳೆತ ಕಡ್ಡಿಗಳನ್ನೂ ತೆಗೆದಳು. ಉಳಿದದ್ದು ನೆತ್ತಿಯ ಏಳು ಎಲೆ. ಇನ್ನು ಕೊಳೆ ಮುಗಿಯುವವರೆಗೆ ಕುತ್ತಿಗೆ ಕೊಯ್ದು, ನೆತ್ತಿಯನ್ನು ಮತ್ತೆ ನೆಡಬೇಕು. ಬ್ಲೇಡು ಹಿಡಿದರೆ ಅವಳ ಕೈ ನಿಲ್ಲಲೊಲ್ಲದು.

"ನೀನೇ ಮಾಡು" ಎಂದಳು. "ಬುಡದಿಂದ ತೆಳ್ಳಗೆ ಕೊಯ್ಕೊಂಡು ಬಾ. ಒಳಗೆ ಕಂದು ಇರೋವರೆಗೂ ಕೊಯ್ಯಬೇಕು. ಎಲೆ ಮುಟ್ಟೋವರೆಗೂ ಕಂದೇ ಇದ್ರೆ, ಎಸೆದುಬಿಡು."

ಹೂಂಗುಟ್ಟಪ್ಪ ರೇಜರಿಗೆ ಹೊಸ ಬ್ಲೇಡು ಹಾಕಿದ. ಮೊದಲ ಬಿಲ್ಲೆ ಕಂದು. ಎರಡನೆಯದೂ ಕಂದು. ಒಂದು ಬೆರಳು ಹೋಯಿತು, ಎರಡು ಬೆರಳು ಹೋಯಿತು, ಹನ್ನೊಂದು ವರ್ಷದ ಗುರುತುಗಳು ಬೆಂಚಿನ ಮೇಲೆ ಚೂರುಚೂರಾಗಿ ಬಿದ್ದವು. ಮುಂದಿನ ಬಿಲ್ಲೆಯ ನಡುವೆ ಸಾಸಿವೆಯಷ್ಟು ಕಂದು. ಇನ್ನು ಉಳಿದದ್ದು ಅರ್ಧ ಬೆರಳು. ಅವನು ಅಕ್ಕನ ಮುಖ ನೋಡಿದ, ಅವಳು ತಲೆಯಾಡಿಸಿದಳು, ಮತ್ತೆ ಕೊಯ್ದ. ಹಸುರು. ಎಳೆ ಸೌತೆಕಾಯಿಯಂಥ ತಿಳಿ ಹಸುರು. ಅವನಿಗೆ ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಅಕ್ಕ ಸೆರಗಿನಿಂದ ಮೊದಲು ಬ್ಲೇಡು ಒರೆಸಿದಳು, ಆಮೇಲೆ ಅವನ ಮುಖ ಒರೆಸಿದಳು.

ಹೊಸ ಮಣ್ಣಿಗೆ ನೆತ್ತಿಯನ್ನು ನೆಟ್ಟು, ಮೇಲೆ ಪಾರದರ್ಶಕ ಡಬ್ಬಿ ಕವಿಚಿದ್ದಾಯಿತು. "ನಾಲ್ಕು ವಾರ ಇದಕ್ಕೆ ಬೇರಿಲ್ಲ" ಎಂದಳು ಅಕ್ಕ. "ಎತ್ತಬೇಡ, ನೀರು ಹೊಡೀಬೇಡ. ಆಮೇಲೆ ಎಲೆ ಹಿಡ್ದು ಮೆಲ್ಲಗೆ ಎಳೆದು ನೋಡು. ಕೈಗೆ ಬಂದ್ರೆ ಹೋಯ್ತು ಅಂತ. ಬರ್ದೇ ಹಿಡ್ಕೊಂಡ್ರೆ ಬೇರು ಬಿಟ್ಟಿದೆ ಅಂತ."

"ಊಹೂಂ."

ಅಕ್ಕ ಬೆಚ್ಚಿ ನೋಡಿದಳು. ಈ ಮಾತು ಅವನ ಬಾಯಿಂದ ಬಂದದ್ದನ್ನು ಅವಳು ಕೇಳಿಯೇ ಇರಲಿಲ್ಲ.

"ನಾನು ಎಳೆಯಲ್ಲ. ನೀನೇ ಬಂದು ಎಳಿ" ಎಂದ.

ಮಾರನೆಯ ದಿನದಿಂದ ನರ್ಸಮ್ಮನಿಗೆ "ನಾಳೆ ನೋಡೋಣ" ಎಂಬ ಉತ್ತರ ಸಿಗಲಿಲ್ಲ. ಮೊದಲು ಪಡಸಾಲೆ, ಆಮೇಲೆ ಅಭ್ಯಾಸಕ್ಕೆಂದು ಇಟ್ಟ ಮೂರು ಮರದ ಮೆಟ್ಟಿಲು. ಕೆಲವು ದಿನ ನೋವಿಗೆ ಅತ್ತಳು, ಒಂದು ದಿನ ನರ್ಸಮ್ಮನ ಮೇಲೆ ರೇಗಿ ವಾಕರನ್ನು ತಳ್ಳಿಬಿಟ್ಟಳು. ಮರುದಿನ ತಾನೇ ಕೇಳಿ ತರಿಸಿಕೊಂಡಳು.

ನೆತ್ತಿ ನೆಟ್ಟ ಐದನೆಯ ವಾರ ಮನೆಗೆ ಬಂದಳು. ಹದಿನೆಂಟು ಮೆಟ್ಟಿಲು ಹತ್ತಲು ಅರ್ಧ ಗಂಟೆ ಹಿಡಿಯಿತು. ಕೆಳಗೆ ಕುರ್ಚಿಯಲ್ಲಿ ಮುಖಕ್ಕೆ ನೊರೆ ಬಳಿಸಿಕೊಂಡು ಕೂತಿದ್ದ ಗಿರಾಕಿ ಕೊರಳುದ್ದ ಮಾಡಿ ನೋಡುತ್ತಿದ್ದ, ನೊರೆ ಒಣಗಿದರೂ ಕರೆಯಲಿಲ್ಲ. ತಮ್ಮ ಅವಳ ಮೊಣಕೈ ಹಿಡಿದು ಒಂದು ಮೆಟ್ಟಿಲು ಹಿಂದೆಯೇ ಬಂದ. ಮೇಲೆ ಬಂದ ಅಕ್ಕ ಕೂರಲಿಲ್ಲ, ನೇರ ಕಿಟಕಿಗೆ ಹೋದಳು.

ಡಬ್ಬಿ ಎತ್ತಿದಳು. ಎರಡು ಬೆರಳಲ್ಲಿ ಎಲೆಯ ಬುಡ ಹಿಡಿದು ಮೆಲ್ಲಗೆ ಎಳೆದಳು. ಗಿಡ ಬರಲಿಲ್ಲ. ಇನ್ನೂ ತುಸು ಬಿಗಿಯಾಗಿ ಎಳೆದಳು. ಮಣ್ಣು ಕೂದಲೆಳೆಯಷ್ಟು ಮೇಲೆದ್ದಿತು, ಗಿಡ ಬಿಡಲಿಲ್ಲ.

"ಹಿಡ್ಕೊಂಡಿದೆ ಕಣೋ" ಎಂದಳು. ತಮ್ಮ ಇನ್ನೂ ಅವಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದೇ ನಿಂತಿದ್ದ. ಅವಳು ಅತ್ತ ತಿರುಗದೆ, ಕಣ್ಣು ಗಿಡದ ಮೇಲಿಟ್ಟುಕೊಂಡೇ ಹೇಳಿದಳು.

"ಇನ್ನು ನನ್ನ ಬಿಡು. ನಿಲ್ತೀನಿ."

ಅವನು ಕೈಬಿಟ್ಟ.