ಬಾಚಿ ಎಂದರೆ ಬಾಚಣಿಗೆ ಅಲ್ಲ

ಬುಧವಾರ ನಾನು ಮಾಡಿದ ಕೆಲಸಗಳು: ಡಿಶ್‌ವಾಶರ್ ಖಾಲಿ ಮಾಡಿದ್ದು. ಇಡ್ಲಿಗೆ ನೆನೆಹಾಕಿದ್ದು. ಡ್ರೈವ್‌ವೇ ಮೇಲಿನ ಹಿಮ ತಳ್ಳಿ ಉಪ್ಪು ಎರಚಿದ್ದು. ಎರಡು ಲೋಡ್ ಲಾಂಡ್ರಿ (ಎಂದಿನಂತೆ ಒಂದು ಸಾಕ್ಸ್ ನಾಪತ್ತೆ). ನಮ್ಮೆಜಮಾನರ ಶರ್ಟಿನ ಗುಂಡಿ ಹೊಲಿದದ್ದು. ಸಂಜೆ ಮಗಳ ಸ್ಕೂಲಿಗೆ ಡ್ರೈವ್ ಮಾಡಿಕೊಂಡು ಹೋಗಿ ಒಂದು ಬಾಚಣಿಗೆ ಕೊಟ್ಟದ್ದು.

ಕೊನೆಯದೊಂದು ಬಿಟ್ಟು ಉಳಿದವೆಲ್ಲ ಸರಿಯಾಗಿಯೇ ಆದವು.

ಮಗಳ ಹೆಸರು ಇಂಚರ. ವಯಸ್ಸು ಹದಿನೈದು. ಮನೆ ತುಂಬ ಹಕ್ಕಿಯ ಹಾಗೆ ಉಲಿಯುತ್ತಿರಲಿ ಅಂತ ಇಟ್ಟ ಹೆಸರು. ಆದದ್ದೇನು? ಹೋದ ವರ್ಷ ಇವರ ಕೆಲಸ ಬದಲಾಗಿ ಶಿಕಾಗೋ ಪಕ್ಕದ ಲೊಂಬಾರ್ಡ್ ಬಿಟ್ಟು ಡೆಟ್ರಾಯಿಟ್ ಪಕ್ಕದ ಪ್ಲಿಮತ್‌ಗೆ ಬಂದೆವು. ಹಕ್ಕಿ ಬಾಯಿಗೆ ಬೀಗ ಹಾಕಿಕೊಂಡಿತು. ಸ್ಕೂಲ್ ಹೇಗಿತ್ತು ಅಂದರೆ ಫೈನ್. ಯಾರ ಜೊತೆ ಊಟ ಮಾಡಿದೆ ಅಂದರೆ "ಅಮ್ಮಾ, ಪ್ಲೀಸ್." ಲೈಬ್ರರಿಯಲ್ಲಿ ದಿನಾ ಒಬ್ಬಳೇ ಕೂತಿರುತ್ತಾಳೆ ಅಂತ ಸ್ಕೂಲಿನ ಕೌನ್ಸೆಲರ್ ಫೋನ್ ಮಾಡಿ ಹೇಳಿದ ದಿನ ನಾನು ಸಾರಿಗೆ ಉಪ್ಪೇ ಹಾಕಿರಲಿಲ್ಲ. ಅಪ್ಪ ಮಗಳು ಉಪ್ಪಿನಕಾಯಿ ಕಲಸಿಕೊಂಡು ಉಂಡರು.

ಪೂರ್ತಿ ಹೆಸರಿಗೆ ನಾಲಿಗೆ ತಿರುಗದೆ ಕ್ಲಾಸಿನವರೆಲ್ಲ ಅವಳನ್ನು "ಇಂಚ್" ಅನ್ನುತ್ತಿದ್ದರಂತೆ. ಗಜವಲ್ಲ, ಅಡಿಯೂ ಅಲ್ಲ. ಇಂಚು.

ಈ ಚಳಿಗಾಲದ ಶುರುವಿನಲ್ಲಿ ಒಂದು ದಿನ ಜಪಾನೀಸ್ ಮ್ಯೂಸಿಕ್ ಕ್ಲಬ್ ಸೇರಿದೀನಿ ಅಂದಳು. (ನಮ್ಮ ಸುತ್ತಮುತ್ತ ಕಾರಿನ ಬಿಡಿಭಾಗ ಮಾಡುವ ಜಪಾನಿ ಕಂಪನಿಗಳ ಆಫೀಸುಗಳು ಬಹಳ. ಹಾಗಾಗಿ ಸ್ಕೂಲಿನಲ್ಲಿ ಜಪಾನಿ ಮಕ್ಕಳೂ ಇದ್ದಾರೆ.) ನನಗೆ ನೆಮ್ಮದಿಯಾಯಿತು. ಜಪಾನಿನ ಸಂಗೀತ ಅಂದರೆ ನನ್ನ ತಲೆಯಲ್ಲಿದ್ದದ್ದು ಚಾಪೆ, ಕೊಳಲು, ಸದ್ದೇ ಮಾಡದ ತಂತಿವಾದ್ಯ. ನಮ್ಮ ಮೌನಗೌರಿಗೆ ಹೇಳಿ ಮಾಡಿಸಿದ್ದು.

ಬುಧವಾರ ಸಂಜೆ ಫೋನಿಗೆ ಅವಳ ಮೆಸೇಜ್ ಬಂತು. "ಅಮ್ಮಾ, ಬಾಚಿ ಮರೆತೆ. ಬೆಡ್ ಮೇಲಿದೆ. ಜಿಮ್‌ಗೆ ತಾ. ಅರ್ಜೆಂಟ್."

ಇಂಗ್ಲಿಷ್ ಅಕ್ಷರ, ಆದರೆ ಕನ್ನಡ! ಚಿಕ್ಕವಳಿದ್ದಾಗ ಬಾಚಣಿಗೆ ಅನ್ನಲು ಬಾರದೆ ಬಾಚಿ ಅನ್ನುತ್ತಿದ್ದಳು. ನನ್ನ ಕಣ್ಣು ತೇವವಾಯಿತು. ಓಡಿಹೋಗಿ ನೋಡಿದರೆ ಹಾಸಿಗೆ ಮೇಲೆ ಬಾಚಣಿಗೆ ಇದ್ದೇ ಇತ್ತು. ಪಕ್ಕದಲ್ಲಿ ಎರಡು ದಪ್ಪ ಮರದ ಕೋಲು. ಕನ್ನಡ ಸಂಘದ ಕೋಲಾಟದ ಕೋಲು ಇಲ್ಲಿಗೇಕೆ ಬಂದವು ಅಂದುಕೊಂಡು ಅವನ್ನು ಕ್ಲಾಸೆಟ್ಟಿನೊಳಗೆ ಎತ್ತಿಟ್ಟೆ. (ನೀಟಾಗಿ. ಬಟ್ಟೆಯಲ್ಲಿ ಸುತ್ತಿ.)

ಜಿಮ್ಮಿನ ಬಾಗಿಲು ತಳ್ಳಿದ್ದಷ್ಟೇ, ಎದೆಗೆ ಯಾರೋ ಗುದ್ದಿದ ಹಾಗಾಯಿತು.

ಮುಂದೆ ನಾಲ್ಕು ಡ್ರಮ್ಮು. ನಮ್ಮ ಡೊಳ್ಳಿಗೆ ಅಣ್ಣನ ಹಾಗಿವೆ. ಮಕ್ಕಳು ಕಾಲಗಲಿಸಿ ನಿಂತು, ತೋಳೆತ್ತಿ, ಹಳೇ ವೈರ ತೀರಿಸುವವರ ಹಾಗೆ ಬಾರಿಸುತ್ತಿದ್ದಾರೆ. ಒಂದು ಡ್ರಮ್ಮಿನ ಮುಂದೆ ಮಾತ್ರ ಯಾರೂ ಇಲ್ಲ. ಹಿಂದೆ ಹಳೇ ಕಾರ್ ಟೈರುಗಳ ಸಾಲು, ಬಾಯಿಗೆ ಬಿಗಿಯಾಗಿ ಟೇಪ್ ಸುತ್ತಿದ್ದಾರೆ. ಹೊಸಬರ ಅಭ್ಯಾಸ ಅದರ ಮೇಲೆ. (ಡೆಟ್ರಾಯಿಟ್ ಸೀಮೆಯಲ್ಲಿ ಟೈರಿಗೇನು ಬರ?) ಪೆಟ್ಟು ಬೀಳುವ ಮುಂಚೆ ಯಾರೋ ಹೊಟ್ಟೆಯಾಳದಿಂದ ಕೂಗುತ್ತಾರೆ, ಆಮೇಲೆ ಎಲ್ಲರ ಕೈ ಒಟ್ಟಿಗೆ ಇಳಿಯುತ್ತದೆ. ಈ ಕೂಗುಮಾರಿ ಯಾರ ಮನೆಯ ಹುಡುಗಿಯಪ್ಪಾ ಅಂತ ಟೈರುಗಳ ಕಡೆ ನೋಡಿದೆ.

ನಮ್ಮ ಮನೆಯ ಹುಡುಗಿ.

ನೆಟ್ಟಗೆ ಹೋಗಿ ಬಾಚಣಿಗೆ ನೀಡಿದೆ. ಡ್ರಮ್ಮುಗಳು ನಿಂತವು.

"ಅಮ್ಮಾ, ವಾಟ್ ಈಸ್ ದಿಸ್?"

"ಬಾಚಿ."

"ಬಾಚಿ ಅಂದ್ರೆ ಡ್ರಮ್ ಸ್ಟಿಕ್ಸ್ ಅಮ್ಮಾ. ಇಟ್ಸ್ ಜಪಾನೀಸ್."

ಆಮೇಲೆ ಗೊತ್ತಾಯಿತು. ಆ ಖಾಲಿ ಡ್ರಮ್ಮು ಇವಳದು. ತಿಂಗಳುಗಟ್ಟಲೆ ಟೈರು ಬಡಿದವಳು ಮೊದಲ ಸಲ ಡ್ರಮ್ಮಿನ ಮುಂದೆ ನಿಲ್ಲುವ ದಿನ ಇವತ್ತೇ. ಡ್ರಮ್ಮಿಗೆ ಸ್ವಂತ ಕೋಲೇ ಬೇಕು. ಟೈರಿಗೆ ಬಡಿದು ಸಿಗುರೆದ್ದ ಕೋಲನ್ನು ಚರ್ಮಕ್ಕೆ ತಾಗಿಸುವ ಹಾಗಿಲ್ಲ. ಮನೆಗೆ ಹೋಗಿ ಬರುವಷ್ಟರಲ್ಲಿ ಕ್ಲಬ್ಬಿನ ಸಮಯ ಮುಗಿದಿರುತ್ತದೆ.

ಕ್ಲಬ್ ನಡೆಸುವ ಹಿರಿಯ ಹುಡುಗಿ ಹಾರುಕಾ. ತಪ್ಪು ನನ್ನದಮ್ಮಾ, ನಿನ್ನ ಕೋಲನ್ನೇ ಒಂದು ಸಲ ಕೊಡು ಅಂತ ಇಂಗ್ಲಿಷಿನಲ್ಲಿ ಅಂಗಲಾಚಿದೆ. ಅವಳು ನಡು ಬಗ್ಗಿಸಿ, "ಸಾರಿ, ಆಂಟಿ" ಅಂದಳು. (ಆಂಟಿ ಅನ್ನುವುದನ್ನು ಕಲಿಸಿದವಳು ಯಾರೆಂದು ಹೇಳಬೇಕಿಲ್ಲ.) ರೂಲ್ ಅಂದರೆ ರೂಲ್ ಅಂತೆ.

ಮಗಳ ಮುಖ ನೋಡಲು ಧೈರ್ಯ ಬರಲಿಲ್ಲ. ಈಗ ಅಳುತ್ತಾಳೆ. ಬ್ಯಾಗ್ ಎತ್ತಿಕೊಂಡು ಹೊರಟೇಬಿಡುತ್ತಾಳೆ. ನಾಳೆಯಿಂದ ಮತ್ತೆ ಲೈಬ್ರರಿ. ಆರು ಇಂಚಿನ ಪ್ಲಾಸ್ಟಿಕ್ ಬಾಚಣಿಗೆಯಿಂದ ನನ್ನ ಕೈಯಾರೆ ಎಲ್ಲ ಹಾಳು ಮಾಡಿದೆ.

ಕೇಳಿದ್ದು ನಗು. ಇಂಚರ ನಗುತ್ತಿದ್ದಳು. ಬಾಚಣಿಗೆ ಎತ್ತಿ ಹಿಡಿದು, ಕನ್ನಡದ ಬಾಚಿ ಯಾವುದು, ಜಪಾನಿನ ಬಾಚಿ ಯಾವುದು ಅಂತ ಎಲ್ಲರಿಗೂ ಪಾಠ ಮಾಡುತ್ತಿದ್ದಳು. ಒಬ್ಬ ಹುಡುಗ ಅದನ್ನು ಇಸಿದುಕೊಂಡು ಟೈರಿನ ತಲೆ ಬಾಚಿದ. ಹಾರುಕಾ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತೇಬಿಟ್ಟಳು. ಆಮೇಲೆ ಎದ್ದು, ಮುಖ ಗಂಭೀರ ಮಾಡಿಕೊಂಡು ಕರೆದಳು. "ಇಂಚರಾ-ಸಾನ್."

ಪೂರ್ತಿ ಹೆಸರು. ಕೊನೆಯ ರಾ ಸಮೇತ. (ಸಾನ್ ಅಂದರೆ ನಮ್ಮ 'ಅವರೇ' ಇದ್ದ ಹಾಗೆ.)

ನನ್ನ ಮಗಳು ಛಾವಣಿ ಹಾರುವ ಹಾಗೆ ಓಗೊಟ್ಟು, ಬಗ್ಗಿ ವಂದಿಸಿ, ಮತ್ತೆ ಟೈರಿನ ಮುಂದೆ ಹೋಗಿ ನಿಂತಳು. ನಾನು ಗೋಡೆಗೊರಗಿ ನಿಂತೆ.

ಕಾರಿನಲ್ಲಿ ತಾನಾಗಿಯೇ ಮಾತಾಡಿದಳು. ಮೊದಲ ದಿನ ಕ್ಲಬ್ಬಿನ ಟೀಚರ್ ಅವಳ ಹತ್ತಿರ ಬಂದು, ಇನ್ನೂ ಜೋರಾಗಿ ಅಂದರಂತೆ. ಅಲ್ಲಿಯವರೆಗೆ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲವಂತೆ.

ನಿಜ. ಲೊಂಬಾರ್ಡ್‌ನಲ್ಲಿ ನಮ್ಮದು ಮಹಡಿಯ ಅಪಾರ್ಟ್‌ಮೆಂಟ್. ಮರದ ನೆಲ. ಮಗು ಎರಡು ಹೆಜ್ಜೆ ಓಡಿದರೆ ಕೆಳಗಿನವರು ಪೊರಕೆ ಹಿಡಿಯಿಂದ ಸೂರಿಗೆ ಕುಟ್ಟುತ್ತಿದ್ದರು. ಇವಳು ನಡೆಯಲು ಕಲಿತದ್ದೇ ನನ್ನ "ಮೆಲ್ಲಗೆ ಪುಟ್ಟಿ, ಮೆಲ್ಲಗೆ" ಕೇಳಿಕೊಂಡು. ಈಗ ಸ್ವಂತ ಮನೆ, ಕೆಳಗೆ ಬರೀ ಬೇಸ್‌ಮೆಂಟ್. ಆದರೂ ಮೆಟ್ಟಿಲನ್ನು ತುದಿಗಾಲಲ್ಲೇ ಇಳಿಯುತ್ತಾಳೆ. ಅದನ್ನು ಒಳ್ಳೆಯ ನಡತೆ ಅಂತ ಬಂದವರ ಮುಂದೆ ಹೊಗಳುತ್ತಿದ್ದೆನಲ್ಲ ನಾನು!

ಸಿಗ್ನಲ್‌ನಲ್ಲಿ ನಿಂತಾಗ ಮೆಲ್ಲಗೆ (ಅಭ್ಯಾಸ!) ಕೇಳಿದೆ. ಆ ಡ್ರಮ್ಮನ್ನು ಬೇರೆ ಯಾರಿಗಾದರೂ ಕೊಟ್ಟುಬಿಟ್ಟರೆ?

ಚಿಕ್ಕ ಮಗುವನ್ನು ನೋಡುವ ಹಾಗೆ ನೋಡಿದಳು. ಮುಂದಿನ ಬುಧವಾರದ ತನಕ ಅದನ್ನು ಯಾರೂ ಮುಟ್ಟುವುದಿಲ್ಲವಂತೆ. ಆಮೇಲೆ ಕನ್ನಡದಲ್ಲೇ ಹೇಳಿದಳು.

"ಅದು ನನ್ನ ಜಾಗ, ಅಮ್ಮಾ."

ಹಸಿರು ದೀಪ ಬಂದದ್ದು ಹಿಂದಿನ ಕಾರಿನವನು ಹಾರನ್ ಹೊಡೆದಾಗಲೇ ಗೊತ್ತಾದದ್ದು. ಇಷ್ಟು ವರ್ಷ ಈ ದೇಶದಲ್ಲಿದ್ದೇನೆ. ಒಂದು ಜಾಗದ ಬಗ್ಗೆಯಾದರೂ ಹಾಗೆ ಹೇಳುವ ಧೈರ್ಯ ನನಗೆ ಬಂದಿಲ್ಲ. ನಿಮಗೆ?

ರಾತ್ರಿ ಊಟಕ್ಕೆ ಅನ್ನ, ಕುಂಬಳಕಾಯಿ ಹುಳಿ, ಹಪ್ಪಳ. ಅಪ್ಪನಿಗೆ ನಡೆದದ್ದೆಲ್ಲ ಅಭಿನಯಿಸಿ ತೋರಿಸುತ್ತಾ ಎರಡು ಸಲ ಹುಳಿ ಹಾಕಿಸಿಕೊಂಡಳು. ಮೊದಲು ಮಲಗಿದ್ದು ಅವಳು, ಆಮೇಲೆ ಅವರಪ್ಪ. ಹೈಸ್ಕೂಲು ಓದುವ ಹುಡುಗಿ ಕೂಗಿ, ಬಡಿದು ದಣಿದು ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?