ಗೋಡೆಯೊಳಗಿನ ಬಡಿತ

ನಿಜಾಮರ ಆಳ್ವಿಕೆಯ ಕೊನೆಯ ದಿನಗಳು. ಲಿಂಗಸುಗೂರಿನಲ್ಲಿ ಹಿಂದೆ ಇಂಗ್ಲಿಷ್ ದಂಡಿನ ಗೋರಾ ಅಧಿಕಾರಿಯೊಬ್ಬ ಕಟ್ಟಿಸಿದ್ದ ಹಳೆಯ ಮನೆಯಲ್ಲಿ ನಾವಿದ್ದೆವು. ಊರಿನವರೆಲ್ಲ ಬಾವಿಯಿಂದ ನೀರು ಹೊತ್ತು ತರುವಾಗ ನಮ್ಮ ಬಚ್ಚಲಲ್ಲಿ ಹಿತ್ತಾಳೆಯ ನಲ್ಲಿ ಇತ್ತು. ಮಾಳಿಗೆಯ ಮೇಲೊಂದು ಕಬ್ಬಿಣದ ಟಾಕಿ. ನೀರಿನಾಳು ದಿನಾ ಬೆಳಿಗ್ಗೆ ಏಣಿ ಹತ್ತಿ ತುಂಬಿಸುತ್ತಿದ್ದ. ನೀರು ಸಣ್ಣಗೆ ಬರುತ್ತದೆಂದು ನನ್ನ ಗಂಡ ಅದನ್ನು ಆಳೆತ್ತರದ ಕಲ್ಲುಕಟ್ಟೆಯ ಮೇಲೆ ಏರಿಸಿದ್ದರು. ಅಂದಿನಿಂದ ನಲ್ಲಿ ತಿರುವಿದರೆ ನೀರು ಧುಮುಕುತ್ತಿತ್ತು.

ಒಂದು ಮಧ್ಯಾಹ್ನ. ಅವರು ಕಚೇರಿ ಕೆಲಸಕ್ಕೆ ಸಿಂಧನೂರಿಗೆ ಹೋಗಿದ್ದರು. ಮನೆಯಲ್ಲಿ ನಾನು, ಅತ್ತೆ, ಮೂರು ತಿಂಗಳ ಮಗಳು. ಮಸ್ಕಿ ಕಡೆ ಲಾಠಿ ಹಿಡಿದ ಗುಂಪಿನವರು ಬಾಗಿಲು ಒಡೆದು ಲೂಟಿ ಮಾಡಿದರೆಂಬ ಸುದ್ದಿ ಎರಡು ದಿನದಿಂದ ಹಬ್ಬಿತ್ತು. ಹಂಡೆ ತುಂಬಲೆಂದು ನಲ್ಲಿಯನ್ನು ಅರ್ಧ ತಿರುವಿಟ್ಟು ಕೂಸಿಗೆ ಹಾಲುಣಿಸುತ್ತಿದ್ದೆ. ಇದ್ದಕ್ಕಿದ್ದಂತೆ ಧಡ್, ಧಡ್ ಎಂದು ಶುರುವಾಯಿತು, ಲಾಠಿಯಿಂದ ಬಾಗಿಲು ಬಡಿದ ಹಾಗೆ.

"ಬಂದಾರ," ಎಂದರು ಅತ್ತೆ. "ಕೂಸಿನ ಬಾಯಿ ಮುಚ್ಚು. ಒಳಗ ನಡಿ."

ಬಚ್ಚಲಿನ ಪಕ್ಕದ ಕಿಟಕಿಯಿಲ್ಲದ ಕೋಣೆಗೆ ಹೋಗಿ ಅಗಳಿ ಹಾಕಿಕೊಂಡೆವು. ಬಚ್ಚಲ ಕಡೆಯ ಗೋಡೆಗೆ ಒರಗಿ ಕೂತೆವು. ಬಡಿತ ನಿಲ್ಲಲಿಲ್ಲ. ಬಾಗಿಲು ತೆಗೆಯಿರಿ ಎಂದು ಯಾರೂ ಕೂಗಲಿಲ್ಲ. ಅದೇ ಹೆಚ್ಚು ಹೆದರಿಸಿತು. ಮಗುವನ್ನು ಎದೆಗೆ ಒತ್ತಿ ಹಿಡಿದು, ಉಸಿರಿದೆಯೋ ಇಲ್ಲವೋ ಎಂದು ನಡುನಡುವೆ ಮೂಗಿಗೆ ಬೆರಳಿಟ್ಟು ನೋಡುತ್ತಿದ್ದೆ.

ಎಷ್ಟೋ ಹೊತ್ತಿನ ಮೇಲೆ ಅತ್ತೆ ನನ್ನ ಕೈ ಹಿಡಿದು ಗೋಡೆಗೆ ಮುಟ್ಟಿಸಿದರು. ಗಾರೆ ತಣ್ಣಗೆ, ಮೆತ್ತಗಾಗಿತ್ತು. ಬಡಿತ ಗೋಡೆಯ ಒಳಗಿನಿಂದಲೇ ಅಂಗೈಗೆ ತಾಗುತ್ತಿತ್ತು.

"ಗ್ವಾಡಿ ನೆಂದೈತಿ. ಏಳು."

"ಹೊರಗ ಯಾರರ ಇದ್ದರ, ಅತ್ತಿ?"

"ಇದ್ದರ ಇರಲಿ. ಏಳಂತೀನಿ."

ನಾವು ಅಂಗಳಕ್ಕೆ ಬರುವಷ್ಟರಲ್ಲಿ ಹಿಂದೆ ಕಲ್ಲುಮಣ್ಣು ಕುಸಿದ ಸದ್ದಾಯಿತು. ಬೀದಿಬಾಗಿಲು ತೆಗೆದರೆ ಎದುರಿಗೆ ಕೋಲು ಹಿಡಿದು ಒಬ್ಬರು ನಿಂತಿದ್ದರು. ಕೂಸನ್ನು ಸೆರಗಿನೊಳಗೆ ಎಳೆದುಕೊಂಡೆ. ಹಿಂದಿನ ಮಸೀದಿ ಓಣಿಯ ಮುದುಕ ಸಾಹೇಬರು ಎಂದು ಗುರುತು ಹತ್ತಲು ತುಸು ಹೊತ್ತು ಹಿಡಿಯಿತು. ಹಟ್ಟಿಯ ಗಣಿಯಲ್ಲಿ ಪೈಪಿನ ಕೆಲಸ ಮಾಡಿದವರು. ನಮ್ಮ ಮನೆಯ ನೀರು ಓಣಿಗೆ ಹರಿದದ್ದು ಕಂಡು ಬಂದಿದ್ದರು.

"ಇಂಥ ಹಳೇ ಮನ್ಯಾಗ ನೀರು ನಿಲ್ಲಸೋ ಕೀಲಿ ಇದ್ದ ಇರತೈತ್ರಿ," ಎನ್ನುತ್ತ ಅವರು ಬಚ್ಚಲ ಗೋಡೆಯ ಬುಡ ತಡವಿದರು. ಸುಣ್ಣದ ಪದರಗಳಡಿ ಹಿತ್ತಾಳೆಯ ಹಿಡಿ ಸಿಕ್ಕಿತು. ತಿರುವಿದ್ದೇ ಬಡಿತ ನಿಂತಿತು. ಆಮೇಲೆ ಕುಸಿದಲ್ಲಿ ಕಾಣುತ್ತಿದ್ದ ಬೂದು ಪೈಪನ್ನು ಚಾಕುವಿನಿಂದ ಕೆರೆದರು, ಬೆಳ್ಳಿಯಂತೆ ಹೊಳೆಯಿತು.

"ಸೀಸದ್ದು ರೀ. ಮೆತ್ತಗಿರತೈತಿ, ಇಷ್ಟು ಜೋರು ತಡಿಯಂಗಿಲ್ಲ, ಒಡದೈತಿ. ಟಾಕಿ ಎತ್ತರ ಆದಷ್ಟೂ ನೀರಿನ ಜೋರು ಹೆಚ್ಚು. ನಲ್ಯಾಗಿನ ಚರ್ಮದ ಬಿಲ್ಲಿ, ವಾಶರ್ ಅಂತಾರಲ್ರಿ, ಅದು ಸಡ್ಲಾಗಿ ಅದುರಿದ್ದಕ್ಕ ಪೈಪು ಗ್ವಾಡಿಗೆ ಬಡಿಯಾಕತ್ತಿತ್ತು."

ನಾವು ಕೂತಿದ್ದ ಜಾಗದಲ್ಲಿ ಮೊಣಕಾಲೆತ್ತರ ಕಲ್ಲು ಬಿದ್ದಿತ್ತು.

ನನ್ನ ಗಂಡ ಮರಳಿದ ಮೇಲೆ ಟಾಕಿ ಕೆಳಗಿಳಿಯಿತು. ಊರಿನ ಭಯ ಮಾತ್ರ ಇನ್ನೂ ಕೆಲವು ತಿಂಗಳು ಇಳಿಯಲಿಲ್ಲ. ಅಷ್ಟು ದಿನವೂ ಸಾಹೇಬರು ಸಂಜೆ ಬಂದು ನಮ್ಮ ಜಗುಲಿಯ ಮೇಲೆ ಕೂತು ಹೋಗುತ್ತಿದ್ದರು. ಕೂರುವಾಗ ಮುಖ ಬೀದಿಯ ಕಡೆ, ಕೋಲು ಮೊಣಕಾಲ ಮೇಲೆ.