ನೇಜಿ ನೆಟ್ಟ ಮೆದುಳು

ನನ್ನ ತಲೆಯೊಳಗೆ ಮೆದುಳು ಉಂಟು ಎಂದು ಕಣ್ಣಾರೆ ಕಂಡು ಸಾಕ್ಷಿ ಹೇಳಬಲ್ಲವರು ನಾಲ್ಕೈದು ಮಂದಿ ಮಾತ್ರ. ಅವರಲ್ಲಿ ಒಬ್ಬರು ಮೆಲ್ಕಾರಿನ ಪೂವಮ್ಮ. ಉಳಿದವರೆಲ್ಲ ಡಾಕ್ಟರುಗಳು, ಅವರು ಹೇಗೂ ಮರೆತಿರುತ್ತಾರೆ. ನನ್ನ ಹೆಂಡತಿ ವಾರಿಜಾಕ್ಷಿಗಂತೂ ಈ ವಿಷಯದಲ್ಲಿ ಇವತ್ತಿಗೂ ಸಂಶಯ.

ನಾನು ತಿರುಮಲೇಶ್ವರ, ಲಾಯಿಲದವನು, ಬೆಳ್ತಂಗಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಷ್ಟ್ರು. ಲೋಕದವರಿಗೆಲ್ಲ ತಲೆಗೆ ಬಂದದ್ದು ಮುಂಡಾಸಿಗೆ ಹೋಗುತ್ತದೆ. ನಾನು ಮುಂಡಾಸು ಕಟ್ಟುವವನಲ್ಲವಾದ್ದರಿಂದ ೧೯೮೩ರಲ್ಲಿ ತೆಂಗಿನಕಾಯಿ ನೇರ ತಲೆಗೇ ಬಂತು. ಎರಡು ದಿನ ಮಲಗಿ ಎದ್ದೆ, ಊರವರು ನಕ್ಕರು, ನಾನೂ ನಕ್ಕೆ. ಮೂರು ವರ್ಷದ ಮೇಲೆ ಒಂದು ದಿನ ಹತ್ತನೇ ಕ್ಲಾಸಿಗೆ ಸಂಧಿ ಬಿಡಿಸಿ ತೋರಿಸುತ್ತಿದ್ದವನು ಬೋರ್ಡಿನ ಬುಡದಲ್ಲಿ ಫಿಟ್ಸ್ ಬಂದು ಬಿದ್ದೆ. ಆಮೇಲೆ ಯಾರೂ ನಗಲಿಲ್ಲ.

ಸ್ಕ್ಯಾನಿನಲ್ಲಿ ಒಂದು ಬಿಳಿ ಮಚ್ಚೆ ಕಂಡಿತು. ಮಂಗಳೂರಿನ ಆಸ್ಪತ್ರೆಯಲ್ಲಿ ತಲೆಬುರುಡೆಗೆ ತೂತು ಕೊರೆದು ಸಾಸಿವೆಯಷ್ಟು ಮಾಂಸ ತೆಗೆದರು. ಅದು ಗಡ್ಡೆಯಾದರೆ ನನಗೆ ಹೆಚ್ಚೆಂದರೆ ಇನ್ನೆರಡು ಮಳೆಗಾಲ. ಹಳೆಯ ಪೆಟ್ಟಿನ ಕಲೆಯಾದರೆ ಗುಳಿಗೆ ನುಂಗಿಕೊಂಡು ಮೊಮ್ಮಕ್ಕಳನ್ನೂ ನೋಡಬಹುದು. ಯಾವುದು ಎಂದು ಮಾಮೂಲಿ ಬಣ್ಣ ಹಾಕಿದ ಸ್ಲೈಡಿನಲ್ಲಿ ಖಚಿತವಾಗಲಿಲ್ಲ.

ಆ ಸ್ಲೈಡು ಮಾಡುತ್ತಿದ್ದವರು ಪೂವಮ್ಮ. ಹುಟ್ಟಿದ್ದು ಮೂಡುಬಿದಿರೆಯ ಹತ್ತಿರ, ಗದ್ದೆ ಕೆಲಸದ ಮನೆಯಲ್ಲಿ. ಮದುವೆಯಾಗಿ ಮೆಲ್ಕಾರಿಗೆ ಬಂದು ಹನ್ನೆರಡು ವರ್ಷ ಬೀಡಿ ಸುತ್ತಿದರು. ಆಸ್ಪತ್ರೆಗೆ ಸೇರಿದ್ದು ಗುಡಿಸಲಿಕ್ಕೆ. ಒಮ್ಮೆ ಲ್ಯಾಬಿನ ಟೆಕ್ನಿಶಿಯನ್ ತಿಂಗಳುಗಟ್ಟಲೆ ರಜೆ ಹಾಕಿದಾಗ, ಮೇಣದಲ್ಲಿ ಹುದುಗಿಸಿದ ಮಾಂಸದ ತುಣುಕನ್ನು ಕೂದಲಿಗಿಂತ ತೆಳ್ಳಗೆ ಸೀಳುವ ಯಂತ್ರಕ್ಕೆ ಕೈ ಹಾಕಿದರು. ಎಂ.ಬಿ.ಬಿ.ಎಸ್. ಹುಡುಗರು ಎತ್ತಿದರೆ ಹರಿದುಹೋಗುವ ಪದರ ಇವರ ಬೆರಳಿಗೆ ಬೀಡಿ ಎಲೆಯಷ್ಟೇ ಸಲೀಸು. ಅಂದಿನಿಂದ ಪೊರಕೆ ಹಿಡಿಯಲು ಅವರನ್ನು ಯಾರೂ ಬಿಡಲಿಲ್ಲ.

ಲ್ಯಾಬಿನ ಡಾಕ್ಟರು ಬಿಜಾಪುರದ ಕಡೆಯವರು. ವಾರಿಜಾಕ್ಷಿ ಬಿಡದೆ ಕೇಳಿದ್ದಕ್ಕೆ ಅವರು ಕೂರಿಸಿ ತಿಳಿಸಿ ಹೇಳಿದರು. ಮೆದುಳಿನಲ್ಲಿ ಯೋಚನೆ ಮಾಡುವ ನರಕೋಶಗಳಷ್ಟೇ ಅಲ್ಲ, ಅವನ್ನು ಹಿಡಿದು ಸಾಕುವ ಗ್ಲಿಯಾ ಎಂಬ ಕೋಶಗಳೂ ಇವೆ. ಗ್ಲಿಯಾ ಎಂದರೆ ಅಂಟು. ಪೆಟ್ಟು ಬಿದ್ದಲ್ಲಿ ಈ ಕೋಶಗಳು ಒಂದು ಬಗೆಯ ಪ್ರೋಟೀನನ್ನು ಜಾಸ್ತಿ ಜಾಸ್ತಿ ಮಾಡಿಕೊಂಡು, ಕೈಕಾಲು ಚಾಚಿ, ಗಾಯಕ್ಕೆ ಬೇಲಿ ಕಟ್ಟುತ್ತವೆ. ಆ ಪ್ರೋಟೀನನ್ನೇ ಹುಡುಕಿ ಹಿಡಿಯುವ ಹೊಸ ಔಷಧಿಯೊಂದು ಬಂದಿದೆ, ಅದನ್ನು ಹಾಕಿದರೆ ಕೋಶಗಳ ಆಕಾರ ಕಾಫಿ ಬಣ್ಣದಲ್ಲಿ ಎದ್ದು ಕಾಣುತ್ತದೆ. ಬೆಂಗಳೂರಿನ ಗೆಳೆಯರೊಬ್ಬರು ಒಂದೇ ಒಂದು ಪುಟ್ಟ ಶೀಷೆ ಕೊಡಲು ಒಪ್ಪಿದ್ದರು.

ಶೀಷೆ ಬಸ್ಸಿನಲ್ಲಿ ಹೊರಟಿತು, ಥರ್ಮಾಸ್ ಫ್ಲಾಸ್ಕಿನಲ್ಲಿ, ಐಸಿನ ನಡುವೆ. ಆ ಬಸ್ಸು ಮಂಗಳೂರಿಗೆ ಹೋಗುವುದಲ್ಲವಾದ್ದರಿಂದ, ಮೆಲ್ಕಾರಿನ ಹತ್ತಿರದ ಬಿ.ಸಿ.ರೋಡಿನಲ್ಲಿ ಇಳಿಸಿಕೊಳ್ಳಲು ಬೆಳಿಗ್ಗೆ ಆರಕ್ಕೇ ಪೂವಮ್ಮ ಹೋಗಿ ನಿಂತರು. ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತು, ಬಂದು ಮುಟ್ಟುವಾಗ ಹನ್ನೊಂದು. ಫ್ಲಾಸ್ಕಿನ ಮುಚ್ಚಳ ತೆಗೆದರೆ ಐಸ್ ಇಲ್ಲ, ಬರೀ ನೀರು. ಬಿಸಿಲಿಗೆ ಬೆಚ್ಚಗಾದರೆ ಔಷಧಿ ಕೆಡುತ್ತದೆ ಎಂದು ಡಾಕ್ಟರು ಹತ್ತು ಸಲ ಹೇಳಿದ್ದರು. ಪೂವಮ್ಮ ಆಚೆ ಈಚೆ ನೋಡಿದರು. ಸೈಕಲ್ಲಿನಲ್ಲಿ ಮೀನು ಮಾರುವ ಹನೀಫಾ ಕಂಡ. ಓಡಿಹೋಗಿ ಅವನ ಪೆಟ್ಟಿಗೆಗೆ ಕೈ ಹಾಕಿಯೇ ಬಿಟ್ಟರು.

"ಎಂತ ಪೂವಮ್ಮಕ್ಕ ಇದು! ನನ್ನ ಮೀನಿಗೆ ಐಸ್ ಬೇಡವಾ?"

"ನಿನ್ನ ಬಂಗುಡೆ ಸತ್ತು ಎರಡು ದಿನ ಆಯ್ತು. ಇಲ್ಲಿ ಬದುಕಿದವರ ವಿಷಯ, ಸುಮ್ಮನಿರು ಮಾರಾಯ!"

ಹನೀಫಾ ಸುಮ್ಮನಿರಲಿಲ್ಲ. ವಿಷಯ ಕೇಳಿ, ತಾನೇ ಐಸ್ ಪುಡಿ ಮಾಡಿ ಫ್ಲಾಸ್ಕಿನ ಬಾಯಿವರೆಗೆ ತುಂಬಿಸಿ, ಮಂಗಳೂರು ಬಸ್ಸನ್ನು ಅಡ್ಡ ನಿಂತು ನಿಲ್ಲಿಸಿದ. ಈರುಳ್ಳಿಯನ್ನೂ ಒಳಗೆ ತಾರದ ಮನೆಯವನು ನಾನು, ನನ್ನ ಪ್ರಾಣ ಬಂಗುಡೆಯ ಐಸಿನಲ್ಲಿ ಕೂತು ಪ್ರಯಾಣ ಮಾಡಿತು. ಸಂತೋಷವೇ!

ಪೂವಮ್ಮ ಪದರ ಸೀಳಿ, ಔಷಧಿ ಹನಿಸಿ, ತೊಳೆದು, ಮರುದಿನ ಬಣ್ಣ ಬರಿಸಿದರು. ಬಣ್ಣ ಹಿಡಿದಿದೆಯೇ ಎಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟವರು ಅಲ್ಲಿಂದಲೇ ಕೂಗಿದರು.

"ಡಾಕ್ಟ್ರೇ, ಇದು ನೇಜಿ!"

"ನಂಜ? ನಂಜು ಏರೇತೇನು?" ಡಾಕ್ಟರು ಗಾಬರಿಯಾಗಿ ಓಡಿ ಬಂದರು.

"ನಂಜು ಅಲ್ಲ ಮಾರಾಯರೇ, ನೇಜಿ! ಭತ್ತದ ಸಸಿ. ಜೋಳದ ಊರಿನವರಿಗೆ ಹೇಗೆ ಹೇಳುವುದು ನಾನು? ಸಸಿ ಕಿತ್ತು, ಇಲ್ಲೊಂದು ಅಲ್ಲೊಂದು ಜಾಗ ಬಿಟ್ಟು ಕೆಸರಲ್ಲಿ ಊರುವುದಿಲ್ಲವಾ? ನೋಡಿ, ಪ್ರತಿಯೊಂದಕ್ಕೂ ಕೈ ಚಾಚಲಿಕ್ಕೆ ಜಾಗ ಉಂಟು. ಕಳೆ ಹೀಗೆ ಹುಟ್ಟುತ್ತದಾ? ಅದು ಒಂದರ ಮೈಮೇಲೆ ಒಂದು."

ಡಾಕ್ಟರು ಬಹಳ ಹೊತ್ತು ನೋಡಿದರು. ಈ ಪ್ರೋಟೀನು ಗಡ್ಡೆಯಲ್ಲೂ ಇರಬಹುದು, ಆದ್ದರಿಂದ ಬಣ್ಣ ಬಂದದ್ದು ಮುಖ್ಯವಲ್ಲ, ಕೋಶಗಳು ಕೂತ ರೀತಿ ಮುಖ್ಯ. ನಕ್ಷತ್ರದಂಥ ಕೋಶಗಳು ಉದ್ದುದ್ದ ಕೈ ಚಾಚಿ ಸಮಸಮ ಅಂತರದಲ್ಲಿ ಕೂತಿದ್ದವು. ಗಡ್ಡೆಯಾದರೆ ಕಳೆಯ ಹಾಗೆ ಒತ್ತೊತ್ತಾಗಿರುತ್ತಿದ್ದವು. ಹಳೆಯ ಸ್ಲೈಡುಗಳನ್ನೆಲ್ಲ ತೆಗೆದು ಪಕ್ಕದಲ್ಲಿಟ್ಟು ತಾಳೆ ನೋಡಿದರು, ಹಿರಿಯ ಡಾಕ್ಟರನ್ನೂ ಕರೆದು ತೋರಿಸಿದರು. ಅವರೂ ಹೌದೆಂದು ತಲೆಯಾಡಿಸಿದರು. ಆದರೆ ಸಹಿ ಬಿದ್ದು ರಿಪೋರ್ಟು ಬರಲು ಎರಡು ದಿನ, ಅಲ್ಲಿವರೆಗೆ ರೋಗಿಯ ಕಡೆಯವರಿಗೆ ಲ್ಯಾಬಿನವರು ತುಟಿ ಬಿಚ್ಚುವಂತಿಲ್ಲ ಎಂದು ಕಟ್ಟಪ್ಪಣೆ.

ಪೂವಮ್ಮ ವರಾಂಡಕ್ಕೆ ಬಂದರೆ ಬೆಂಚಿನಲ್ಲಿ ವಾರಿಜಾಕ್ಷಿ ಕೂತಿದ್ದಳು. ಹದಿನೆಂಟು ದಿನದಿಂದ ಅನ್ನ ಸರಿಯಾಗಿ ಮುಟ್ಟದವಳು, ಅಲ್ಲೇ ಒಣಗಿಹೋಗಿದ್ದಳು. ಪೂವಮ್ಮ ಅವಳನ್ನು ನೋಡಲಿಲ್ಲ. ಗೋಡೆಗೆ ಹೇಳುವವರ ಹಾಗೆ ಹೇಳುತ್ತಾ ನಡೆದರು.

"ಈ ಸಲ ನೇಜಿ ಲಾಯ್ಕ ಬಂದಿದೆ ಅಕ್ಕಾ. ಕಳೆ ಒಂದು ಕಡ್ಡಿಯೂ ಇಲ್ಲ."

ವಾರಿಜಾಕ್ಷಿ ಮೂಲೆಗದ್ದೆಯ ಬದುವಿನಲ್ಲಿ ಆಡಿ ಬೆಳೆದವಳು. ಸುಗ್ಗಿ ಬೆಳೆಯೂ ಅಲ್ಲದ, ಮಳೆಗಾಲದ ಏಣಿಲು ಬೆಳೆಯೂ ಅಲ್ಲದ ಏಪ್ರಿಲ್ ತಿಂಗಳಲ್ಲಿ ಲ್ಯಾಬಿನವರ ಬಾಯಲ್ಲಿ ನೇಜಿಯ ಮಾತು ಯಾಕೆ ಬಂತೆಂದು ಕ್ಷಣದಲ್ಲಿ ತಿಳಿಯಿತು. ಎದ್ದು ಪೂವಮ್ಮನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು. ಸದ್ದಿಗೆ ಡಾಕ್ಟರು ಹೊರಗೆ ಬಂದರು.

"ಪೂವಮ್ಮ! ಅವರಿಗೆ ಏನ ಹೇಳಿದಿ?"

"ನಾನು ಗದ್ದೆಯ ವಿಷಯ ಮಾತಾಡಿದ್ದು ಡಾಕ್ಟ್ರೇ."

ಡಾಕ್ಟರು ಸಿಟ್ಟು ಮಾಡಲು ನೋಡಿದರು, ಆಗಲಿಲ್ಲ, ನಕ್ಕುಬಿಟ್ಟರು. "ಹಂಗಾರ ಹೋಗು, ಒಳಗ ಮಲಗ್ಯಾನಲ್ಲ ಮಾಸ್ತರ, ಅವಗೂ ಗದ್ದಿ ಸುದ್ದಿ ಹೇಳಿ ಬಾ."

ಹಾಗೆ, ನನ್ನ ಮೆದುಳನ್ನು ಕಂಡವರು ನನ್ನ ಮುಖವನ್ನು ಮೊದಲ ಸಲ ಕಾಣಲು ಬಂದರು. ಕೈಗೆ ಕಾಫಿ ಬಣ್ಣ ಹತ್ತಿತ್ತು. ಹಿಂದೆ ವಾರಿಜಾಕ್ಷಿ, ಅಳುವೋ ನಗುವೋ ತಿಳಿಯದ ಮುಖ.

"ಮಾಷ್ಟ್ರೇ, ಗಡ್ಡೆ ಅಲ್ಲ. ನಿಮ್ಮ ತಲೆ ತನ್ನ ಗಾಯವನ್ನು ತಾನೇ ಕಟ್ಟಿಕೊಂಡದ್ದು."

ಕನ್ನಡ ಪಂಡಿತನ ಕಣ್ಣಿಂದ ನೀರು ಧಾರಾಕಾರ ಸುರಿಯತೊಡಗಿತು, ಭುಜ ಅಲುಗುತ್ತಿತ್ತು. ಪೂವಮ್ಮ ಗಡಿಬಿಡಿಯಿಂದ ನನ್ನ ತಲೆಯ ಬ್ಯಾಂಡೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮೆಲ್ಲ ಅಳಿ ಮಾರಾಯರೇ, ಹೊಲಿಗೆ ಬಿಚ್ಚಿದರೆ ಅದನ್ನು ಹಾಕಲಿಕ್ಕೆ ನನಗೆ ಗೊತ್ತಿಲ್ಲ!"